ಕತ್ತರಿ ಬೀಳುವ ಮುನ್ನ

ಮಗಳ ಕ್ರಿಕೆಟ್ ಪಂದ್ಯವನ್ನು ಐಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 60 ಚಿತ್ರಗಳಂತೆ ಸೆರೆಹಿಡಿದರೆ ನಿಮಿಷಕ್ಕೆ ಸುಮಾರು 400 ಮೆಗಾಬೈಟ್. ಗಂಟೆಗೆ 24 ಗಿಗಾಬೈಟ್. ಮನೆಯ ಕಂಪ್ಯೂಟರು ಈ ಹೊರೆಗೆ ತತ್ತರಿಸುವುದು ಸಹಜವೇ. ಇದಕ್ಕೆ ‘ಪ್ರಾಕ್ಸಿ’ ಎಂಬ ಉಪಾಯವುಂಟು: ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶವು ಮೂಲದ ಹಗುರವಾದ ನಕಲೊಂದನ್ನು ಮಾಡಿಕೊಡುತ್ತದೆ; ಕತ್ತರಿಯಾಡುವುದು ನಕಲಿನ ಮೇಲೆ, ಕೊನೆಯ ಚಿತ್ರ ಸಿದ್ಧವಾಗುವುದು ಮೂಲದಿಂದ. ಓಲೆಗರಿಗೆ ಕೈಹಚ್ಚದೆ ನಕಲಿನ ಮೇಲೆ ಗುರುತು ಹಾಕುವ ಗ್ರಂಥಸಂಪಾದಕನ ಕ್ರಮವೇ ಇದು.

ಸ್ಥಳ ಸಾಲದೆಂದು ಮೂಲವನ್ನೇ ಅಳಿಸಿಬಿಡುವವರುಂಟು. ನಕಲು ಹೋದರೆ ಮತ್ತೆ ಮಾಡಿಕೊಳ್ಳಬಹುದು. ಮೂಲ ಹೋದರೆ ಹೋಯಿತು. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಅದನ್ನು ಇರಿಸಿದ ಮೇಲೆಯೇ ಫೋನನ್ನು ಬರಿದುಮಾಡಬೇಕು. ಓವರುಗಳ ನಡುವಣ ಬಿಡುವನ್ನು ಕತ್ತರಿಸುವುದು ಸಂಕಲನದ ಮೊದಲ ಪಾಠವಂತೆ. ಕ್ಯಾಚು ಕೈಬಿಟ್ಟ ಹುಡುಗಿಗೆ ಬೇಲಿಯ ಬಳಿಯಿಂದ ಅಜ್ಜ ‘ಇರಲಿ ಬಿಡಮ್ಮ’ ಎಂದ ದನಿ ಕೇಳಿಸುವುದು ಆ ಬಿಡುವಿನಲ್ಲಿಯೇ.