ಟ್ಯೂಬಾ ಎಂಬ ಮಂದ್ರವಾದ್ಯದ ರಚನಾಕ್ರಮ

ಪಾಶ್ಚಾತ್ಯ ವಾದ್ಯಮೇಳದ ಚಿತ್ರವನ್ನು ನೋಡಿದವರಿಗೆ ಹಿಂದಿನ ಸಾಲಿನ ಒಂದು ಮೂಲೆಯಲ್ಲಿ, ದೊಡ್ಡದೊಂದು ಹೂವಿನಂತೆ ಬಾಯ್ದೆರೆದು ಮೇಲ್ಮೊಗವಾಗಿ ನಿಂತಿರುವ ಹಿತ್ತಾಳೆಯ ವಾದ್ಯವು ಕಾಣಿಸದೆ ಇರದು. ನುಡಿಸುವವರು ಅದನ್ನು ಮಗುವಿನಂತೆ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಎರಡು ಕೈಗಳಿಂದಲೂ ತಬ್ಬಿಕೊಂಡಿರುತ್ತಾರೆ. ಇದಕ್ಕೆ ಟ್ಯೂಬಾ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದವು ರೋಮನ್ನರ ನೀಳವಾದ ರಣಕಹಳೆಯನ್ನು ಸೂಚಿಸುತ್ತಿತ್ತು. ಹೆಸರನ್ನು ಬಿಟ್ಟರೆ ಆ ಕಹಳೆಗೂ ಈ ವಾದ್ಯಕ್ಕೂ ಸಂಬಂಧವು ಅಷ್ಟಕ್ಕಷ್ಟೆ. ಮೇಳದಲ್ಲಿ ಪಿಟೀಲುಗಳು ಮೂವತ್ತಿದ್ದರೆ ಟ್ಯೂಬಾ ಸಾಮಾನ್ಯವಾಗಿ ಒಂದೇ. ಆದರೆ ಹಿತ್ತಾಳೆಯ ವಾದ್ಯಗಳೆಲ್ಲವೂ ಕೂಡಿ ಮೊಳಗುವಾಗ ಅವುಗಳಿಗೆ ತಳಪಾಯವಾಗುವುದು ಈ ಒಂದೇ ವಾದ್ಯ. ತಳಪಾಯವು ಒಂದು ಅಂಗುಲ ವಾಲಿದರೆ ಮೇಲಿನ ಗೋಡೆಯೆಲ್ಲವೂ ವಾಲುವಂತೆ, ಇದರ ಶ್ರುತಿಯು ತಪ್ಪಿದರೆ ಮೇಲಿನವರು ಎಷ್ಟು ಚೆನ್ನಾಗಿ ನುಡಿಸಿದರೂ ಕಿವಿಗೆ ಹಿತವಾಗದು. ಅದರ ಶ್ರುತಿಯನ್ನು ಸರಿಯಾಗಿ ನಿಲ್ಲಿಸುವುದಾದರೋ ಸುಲಭದ ಕೆಲಸವಲ್ಲ. ಏಕೆ ಸುಲಭವಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಟ್ಯೂಬಾ ಹುಟ್ಟುವುದಕ್ಕೆ ಮೊದಲು ಮಂದ್ರಸ್ವರದ ಕೆಲಸವನ್ನು ಸರ್ಪೆಂಟ್ ಎಂಬ ವಾದ್ಯವು ಮಾಡುತ್ತಿತ್ತು. ಫ್ರಾನ್ಸ್ ದೇಶದ ಓಸೇರ್ ಪಟ್ಟಣದಲ್ಲಿ ಸುಮಾರು 1590ರಲ್ಲಿ ಎಡ್ಮೆ ಗಿಯೋಮ್ ಎಂಬ ಪಾದ್ರಿಯು ಇದನ್ನು ರಚಿಸಿದನೆಂದು ರೂಢಿಯಲ್ಲಿ ಹೇಳುತ್ತಾರೆ. ದೇವಾಲಯದ ಗಾಯಕರ ಕಂಠಕ್ಕೆ ಆಸರೆಯಾಗಿ ನುಡಿಸುವುದಕ್ಕೆಂದು ಇದು ಬಂದಿತು. ಎಂಟು ಅಡಿಗಳ ಮರದ ಕೊಳವೆಯನ್ನು ಹಾವಿನಂತೆ ಬಳುಕಿಸಿ, ಮೇಲೆ ಚರ್ಮವನ್ನು ಹೊದಿಸಿ, ಬದಿಯಲ್ಲಿ ಆರು ರಂಧ್ರಗಳನ್ನು ಕೊರೆದಿದ್ದರು. ರಂಧ್ರಗಳು ನಾದಕ್ಕೆ ಬೇಕಾದ ಸ್ಥಳದಲ್ಲಿರದೆ ಬೆರಳುಗಳಿಗೆ ಎಟಕುವ ಸ್ಥಳದಲ್ಲಿದ್ದವು. ಆದಕಾರಣ ಒಂದು ಸ್ವರವು ಗಟ್ಟಿಯಾಗಿಯೂ ಪಕ್ಕದ ಸ್ವರವು ಮಂಕಾಗಿಯೂ ಬರುತ್ತಿತ್ತು. ಕೆಟ್ಟ ಶ್ರುತಿಯನ್ನು ವಾದಕನು ತನ್ನ ತುಟಿಯ ಬಲದಿಂದಲೇ ತಿದ್ದಬೇಕಾಗಿತ್ತು. 1817ರಲ್ಲಿ ಪ್ಯಾರಿಸ್ಸಿನ ಅಲಾರಿ ಎಂಬ ತಯಾರಕನು ಲೋಹದ ಕೊಳವೆಗೆ ದೊಡ್ಡ ರಂಧ್ರಗಳನ್ನೂ ಅವುಗಳನ್ನು ಮುಚ್ಚಿ ತೆರೆಯುವ ಕೀಲಿಗಳನ್ನೂ ಇಟ್ಟು ಆಫಿಕ್ಲೈಡ್ ಎಂಬುದನ್ನು ಮಾಡಿದನು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಕೀಲಿಗಳುಳ್ಳ ಸರ್ಪವೆಂದೇ ಅರ್ಥ. ಬರ್ಲಿಯೋಜ್ ತನ್ನ 1830ರ ಪ್ರಸಿದ್ಧ ಸಿಂಫನಿಯಲ್ಲಿ ಇದನ್ನು ಉಪಯೋಗಿಸಿದ್ದಾನೆ. ಇದು ಹಿಂದಿನದಕ್ಕಿಂತ ಎಷ್ಟೋ ಮೇಲಾಗಿದ್ದರೂ ಮೂಲದೋಷವು ಮಾತ್ರ ಉಳಿಯಿತು. ಕೊಳವೆಯ ಬದಿಯಲ್ಲಿ ರಂಧ್ರವನ್ನು ತೆರೆದರೆ ನಾದವು ಆ ರಂಧ್ರದಿಂದ ಹೊರಬೀಳುವುದಲ್ಲದೆ ಕಹಳೆಯ ಬಾಯಿಂದ ಪೂರ್ಣವಾಗಿ ಹೊರಡುವುದಿಲ್ಲ. ಹೀಗಾಗಿ ಸ್ವರಸ್ವರಕ್ಕೂ ಕಂಠವು ಬೇರೆಯಾಗುತ್ತದೆ.

ಇದಕ್ಕೆ ಪರಿಹಾರವು ಜರ್ಮನರ ನಾಡಿನಿಂದ ಬಂದಿತು. ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು 1818ರಲ್ಲಿ ಬರ್ಲಿನ್ನಿನಲ್ಲಿ ವಾಲ್ವು, ಎಂದರೆ ಕವಾಟ, ಎಂಬ ಸಾಧನಕ್ಕೆ ಹಕ್ಕುಪತ್ರವನ್ನು ಪಡೆದರು. ರಂಧ್ರವು ಕೊಳವೆಯನ್ನು ಗಿಡ್ಡಮಾಡುತ್ತದೆ; ಕವಾಟವು ಅದಕ್ಕೆ ವಿರುದ್ಧವಾಗಿ ಕೊಳವೆಯನ್ನು ಉದ್ದಮಾಡುತ್ತದೆ. ಗುಂಡಿಯನ್ನು ಒತ್ತಿದೊಡನೆ ಉಸಿರು ನೇರವಾಗಿ ಮುಂದೆ ಹೋಗುವುದನ್ನು ಬಿಟ್ಟು, ಬದಿಗೆ ಜೋಡಿಸಿದ ಇನ್ನೊಂದು ಸಣ್ಣ ಸುತ್ತಿನಲ್ಲಿ ಹೊಕ್ಕು ಹೊರಟು, ಮತ್ತೆ ಹೆದ್ದಾರಿಗೆ ಬರುತ್ತದೆ. ಯಾವ ಗುಂಡಿಯನ್ನು ಒತ್ತಿದರೂ ನಾದವು ಕಹಳೆಯ ಬಾಯಿಂದಲೇ ಹೊರಡುವುದರಿಂದ ಎಲ್ಲ ಸ್ವರಗಳಿಗೂ ಒಂದೇ ಕಂಠವು ದೊರೆಯಿತು. ಪ್ರಷ್ಯದ ಸೇನಾವಾದ್ಯಗಳ ನಿರ್ದೇಶಕನಾದ ವಿಲ್ಹೆಲ್ಮ್ ವೀಪ್ರೆಕ್ಟ್ ಎಂಬವನೂ ತಯಾರಕನಾದ ಮೋರಿಟ್ಸ್ ಎಂಬವನೂ ಕೂಡಿ ಐದು ಕವಾಟಗಳುಳ್ಳ ಬಾಸ್ ಟ್ಯೂಬಾವನ್ನು ರಚಿಸಿ, 1835ನೆಯ ಸೆಪ್ಟೆಂಬರ್ 12ರಂದು ಹಕ್ಕುಪತ್ರವನ್ನು ಪಡೆದರು. ಹತ್ತು ವರ್ಷಗಳ ತರುವಾಯ ಬೊಹೀಮಿಯಾದ ಚೆರ್ವೆನಿ ಎಂಬವನು ಅದಕ್ಕಿಂತಲೂ ದೊಡ್ಡದಾದ ಕಾಂಟ್ರಾಬಾಸ್ ಟ್ಯೂಬಾವನ್ನು ತಯಾರಿಸಿದನು. ಇದರ ಕೊಳವೆಯನ್ನು ಬಿಚ್ಚಿ ನೀಳವಾಗಿ ಹಿಡಿದರೆ ಹದಿನೆಂಟು ಅಡಿಗಳ ಉದ್ದವಾಗುತ್ತದೆ. ಅದರ ಮೂಲಸ್ವರವು ಕ್ಷಣವೊಂದಕ್ಕೆ, ಅಂದರೆ ಸೆಕೆಂಡಿಗೆ, ಸುಮಾರು 29 ಕಂಪನಗಳಷ್ಟು ಗಂಭೀರವಾದದ್ದು.

ಕವಾಟಗಳು ಎಷ್ಟು ಬೇಕೆಂಬುದನ್ನು ನಮ್ಮ ಸಂಗೀತದ ಮಾತಿನಲ್ಲಿಯೇ ಹೇಳಬಹುದು. ಯಾವ ಕವಾಟವನ್ನೂ ಒತ್ತದೆ ಕೊಳವೆಯನ್ನು ಊದಿದರೆ ಎಲ್ಲ ಸ್ವರಗಳೂ ಬರುವುದಿಲ್ಲ. ಮೊದಲು ಆಧಾರ ಷಡ್ಜ, ತುಟಿಯನ್ನು ಬಿಗಿಮಾಡಿದರೆ ಅದರ ಮೇಲಿನ ಷಡ್ಜ, ಆಮೇಲೆ ಪಂಚಮ, ಮತ್ತೆ ಷಡ್ಜ, ಗಾಂಧಾರ, ಪಂಚಮ ಎಂಬೀ ಕ್ರಮದಲ್ಲಿ ಕೆಲವು ಮಾತ್ರವೇ ಬರುತ್ತವೆ. ಎರಡನೆಯ ಷಡ್ಜಕ್ಕೂ ಅದರ ಮೇಲಿನ ಪಂಚಮಕ್ಕೂ ಏಳು ಸ್ವರಸ್ಥಾನಗಳ ಅಂತರವಿದೆ; ಎಂದರೆ ನಡುವೆ ಆರು ಸ್ಥಾನಗಳು ಬರಿದು. ಪಂಚಮದಿಂದ ಕೆಳಗೆ ಆರು ಮೆಟ್ಟಿಲುಗಳನ್ನು ಇಳಿಯುವ ಉಪಾಯವಿದ್ದರೆ ಈ ಅಂತರವು ತುಂಬುತ್ತದೆ. ಮೊದಲನೆಯ ಕವಾಟವು ಎರಡು ಮೆಟ್ಟಿಲು, ಎರಡನೆಯದು ಒಂದು, ಮೂರನೆಯದು ಮೂರು ಮೆಟ್ಟಿಲು ಇಳಿಸುವಂತೆ ಮಾಡಿದರೆ, ಮೂರನ್ನೂ ಕೂಡಿ ಒತ್ತಿದಾಗ ಆರಾಯಿತು. ಕೇಳುವುದಕ್ಕೆ ಇದು ಬಹು ಅಂದವಾದ ಲೆಕ್ಕ. ತೊಂದರೆಯಿರುವುದೂ ಇಲ್ಲಿಯೇ.

ಸರಳಬಡ್ಡಿ ಮತ್ತು ಚಕ್ರಬಡ್ಡಿಗಳ ಭೇದವನ್ನು ಓದುಗರು ಈಗ ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಶಾಲೆಯನ್ನು ಬಿಟ್ಟು ಬಹುಕಾಲವಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಮಾತನ್ನು ಕಂಡೊಡನೆ ಪುಟವನ್ನು ಮಗುಚಿಬಿಡಬಾರದೆಂದು ಬೇಡುತ್ತೇನೆ. ಸ್ವರವನ್ನು ಒಂದು ಸ್ಥಾನ ಇಳಿಸಬೇಕಾದರೆ ಕೊಳವೆಯ ಉದ್ದವನ್ನು ನೂರಕ್ಕೆ ಸುಮಾರು ಆರರಂತೆ ಹೆಚ್ಚಿಸಬೇಕು. ಇನ್ನೊಂದು ಸ್ಥಾನ ಇಳಿಸಬೇಕಾದರೆ, ಹೀಗೆ ಹೆಚ್ಚಿದ ಉದ್ದದ ಮೇಲೆ ಮತ್ತೆ ನೂರಕ್ಕೆ ಆರು. ಇದು ಅಸಲಿನ ಮೇಲೆ ಮಾತ್ರವಲ್ಲದೆ ಬಡ್ಡಿಯ ಮೇಲೆಯೂ ಬೆಳೆಯುವ ಚಕ್ರಬಡ್ಡಿ. ನೂರು ರೂಪಾಯಿಯನ್ನು ಆರರ ಚಕ್ರಬಡ್ಡಿಗೆ ಹನ್ನೆರಡು ವರ್ಷ ಬಿಟ್ಟರೆ ಇನ್ನೂರೊಂದು ರೂಪಾಯಿಯಾಗುತ್ತದೆ. ಹನ್ನೆರಡು ಸ್ವರಸ್ಥಾನಗಳನ್ನು ಇಳಿದಾಗ ಕೊಳವೆಯೂ ಇಮ್ಮಡಿಯಾಗಿ ಕೆಳಗಿನ ಷಡ್ಜವು ಬರುತ್ತದೆ. ಆದರೆ ಕವಾಟಗಳ ಸುತ್ತುಗಳು ಹಿತ್ತಾಳೆಯವು, ಅಳತೆಯು ಒಮ್ಮೆ ಗೊತ್ತಾದ ಮೇಲೆ ಬೆಳೆಯಲಾರವು. ಪ್ರಕೃತಿಯು ಚಕ್ರಬಡ್ಡಿಯನ್ನು ಕೇಳುತ್ತದೆ, ಕವಾಟಗಳು ಸರಳಬಡ್ಡಿಯನ್ನು ಕೊಡುತ್ತವೆ.

ಹದಿನೆಂಟು ಅಡಿಯೆಂದರೆ 216 ಅಂಗುಲ. ಒಂದು ಸ್ಥಾನಕ್ಕೆ ಸುಮಾರು 12.8 ಅಂಗುಲ, ಎರಡು ಸ್ಥಾನಗಳಿಗೆ 26.5, ಮೂರಕ್ಕೆ 40.9 ಅಂಗುಲಗಳ ಸುತ್ತುಗಳು ಬೇಕು. ಮೂರನ್ನೂ ಕೂಡಿಸಿದರೆ 80.2 ಅಂಗುಲವಾಯಿತು. ಆರು ಸ್ಥಾನಗಳನ್ನು ಇಳಿಯುವುದಕ್ಕೆ ನಿಜವಾಗಿ ಬೇಕಾದುದು 89.5 ಅಂಗುಲ. ಒಂಬತ್ತು ಅಂಗುಲಗಳಿಗಿಂತ ಹೆಚ್ಚಾಗಿ ಕೊರತೆ ಬಿದ್ದಿತು. ಸ್ವರವು ಸರಿಯಾದ ಸ್ಥಾನಕ್ಕಿಂತ ಅರ್ಧಸ್ಥಾನದಷ್ಟು ಮೇಲೆ ನಿಂತಿತು. ಸಣ್ಣ ತುತ್ತೂರಿಯಲ್ಲಿ ಇದೇ ದೋಷವು ಒಂದೆರಡು ಅಂಗುಲಗಳದ್ದಾದುದರಿಂದ ವಾದಕನು ಬೆರಳಿನಿಂದ ಒಂದು ಸುತ್ತನ್ನು ತುಸು ಸರಿಸಿ ಸರಿಮಾಡಿಕೊಳ್ಳುತ್ತಾನೆ. ಟ್ಯೂಬಾದಲ್ಲಿ ಅದು ಮೊಳದ ಅರ್ಧದಷ್ಟಾಗುತ್ತದೆ. ಆಧಾರ ಷಡ್ಜದವರೆಗೂ ಇಳಿಯಬೇಕೆಂದು ಐದು ಸ್ಥಾನಗಳ ನಾಲ್ಕನೆಯ ಕವಾಟವನ್ನು ಇಟ್ಟರಂತೂ, ನಾಲ್ಕನ್ನೂ ಕೂಡಿ ಒತ್ತಿದಾಗ ಬೇಕಾದ 191.8 ಅಂಗುಲಗಳಿಗೆ ಪ್ರತಿಯಾಗಿ 152.5 ಮಾತ್ರ ದೊರೆಯುತ್ತದೆ. ಹನ್ನೊಂದು ಮೆಟ್ಟಿಲು ಇಳಿಯಬೇಕಾದವನು ಒಂಬತ್ತರ ಹತ್ತಿರವೇ ನಿಂತುಬಿಡುತ್ತಾನೆ.

ಈ ಕೊರತೆಯನ್ನು ತುಂಬುವುದಕ್ಕಾಗಿ ತಯಾರಕರು ಪಟ್ಟ ಪಾಡೇ ಟ್ಯೂಬಾದ ಚರಿತ್ರೆಯೆಂದರೆ ಹೆಚ್ಚಲ್ಲ. ಕೆಲವರು ಮೂರನೆಯ ಸುತ್ತನ್ನು ಬೇಕೆಂದೇ ತುಸು ಉದ್ದಮಾಡಿದರು. ಆಗ ಅದನ್ನು ಒಂಟಿಯಾಗಿ ಉಪಯೋಗಿಸುವಂತಿಲ್ಲ. ಕೆಲವರು ಐದನೆಯ, ಆರನೆಯ ಕವಾಟಗಳನ್ನು ಸೇರಿಸಿದರು. ಅಮೆರಿಕದ ವಾದಕರಲ್ಲಿ ಅನೇಕರು ಬಲಗೈಯಿಂದ ಗುಂಡಿಗಳನ್ನು ಒತ್ತುತ್ತಲೇ ಎಡಗೈಯಿಂದ ಮೇಲಿನ ಸುತ್ತೊಂದನ್ನು ಹೊರಕ್ಕೂ ಒಳಕ್ಕೂ ಎಳೆಯುತ್ತಾರೆ. ನನಗೆ ಎಲ್ಲಕ್ಕಿಂತ ಸೊಗಸಾಗಿ ತೋರುವುದು ಲಂಡನ್ನಿನ ಬೂಸಿ ಸಂಸ್ಥೆಯಲ್ಲಿದ್ದ ಡೇವಿಡ್ ಬ್ಲೇಕ್ಲಿ ಎಂಬವನು 1874ರಲ್ಲಿ ಕಂಡುಹಿಡಿದ ಉಪಾಯ. ಕೊನೆಯ ಕವಾಟವನ್ನು ಒತ್ತಿದಾಗ ಉಸಿರು ಅದರ ಸುತ್ತನ್ನು ಮುಗಿಸಿಕೊಂಡು ಹಿಂದಕ್ಕೆ ಬಂದು, ಮೊದಲಿನ ಕವಾಟಗಳನ್ನು ಎರಡನೆಯ ಬಾರಿ ಹಾದುಹೋಗುವಂತೆ ಅವನು ದಾರಿಯನ್ನು ಮಾಡಿದನು. ಆ ಎರಡನೆಯ ಪಯಣದಲ್ಲಿ ಪ್ರತಿಯೊಂದು ಕವಾಟದ ಹಿಂದೆಯೂ ಒಂದು ಪುಟ್ಟ ಹೆಚ್ಚಿನ ಸುತ್ತು ಇರುತ್ತದೆ. ಆ ಕವಾಟವನ್ನೂ ಒತ್ತಿದ್ದರೆ ಮಾತ್ರ ಪುಟ್ಟ ಸುತ್ತು ಕೂಡಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನು ಅದು ತಾನಾಗಿ ಸಲ್ಲಿಸಿಬಿಡುತ್ತದೆ. ವಾದಕನು ಲೆಕ್ಕವನ್ನೇ ಯೋಚಿಸಬೇಕಾಗಿಲ್ಲ. ಆದರೆ ಸುತ್ತುಗಳು ಹೆಚ್ಚಿದಷ್ಟೂ ಭಾರವೂ ಹೆಚ್ಚು, ಅನೇಕ ತಿರುವುಗಳಲ್ಲಿ ನುಗ್ಗುವ ಉಸಿರಿಗೆ ತಡೆಯೂ ಹೆಚ್ಚು. ಆದುದರಿಂದ ಬ್ರಿಟಿಷರ ಬ್ಯಾಂಡುಗಳಲ್ಲಿ ಇದು ನೆಲೆಯಾದರೂ ಇತರ ನಾಡುಗಳ ಮೇಳಗಳು ಹೆಚ್ಚಿನ ಕವಾಟಗಳ ಮಾರ್ಗವನ್ನೇ ಹಿಡಿದಿವೆ.

ಇನ್ನು ಕಾರ್ಖಾನೆಯ ಕೆಲಸವನ್ನು ನೋಡೋಣ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು ಸೇರಿದ ಹಿತ್ತಾಳೆಯ ತಗಡೇ ಸಾಮಾನ್ಯವಾಗಿ ಮೂಲವಸ್ತು. ಕಹಳೆಯ ಬಾಯಿಗಾಗಿ ತಗಡನ್ನು ಬೀಸಣಿಗೆಯ ಆಕಾರಕ್ಕೆ ಕತ್ತರಿಸಿ, ಅಂಚುಗಳನ್ನು ಕೂಡಿಸಿ ಬೆಸೆದು, ಉಕ್ಕಿನ ಅಚ್ಚಿನ ಮೇಲೆ ಸುತ್ತಿಗೆಯಿಂದ ಬಡಿಯುತ್ತಾರೆ. ಹಿತ್ತಾಳೆಯು ಬಡಿದಷ್ಟೂ ಪೆಡಸಾಗುವ ಲೋಹ. ಹಾಗೆಯೇ ಮುಂದುವರಿದರೆ ಸೀಳಿಬಿಡುತ್ತದೆ. ಆದಕಾರಣ ನಡುನಡುವೆ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮೆದುಮಾಡಬೇಕು. ನಮ್ಮ ಕಂಚುಗಾರರಿಗೆ ಇದು ಹೊಸ ಸಂಗತಿಯಲ್ಲ. ಬಳಿಕ ತಿರುಗುವ ಚರಕಿಯ ಮೇಲೆ ಅಚ್ಚಿಗೆ ಒತ್ತಿ ನಯಮಾಡಿ, ಅಂಚನ್ನು ಒಳಗೊಂದು ತಂತಿಯಿಟ್ಟು ಮಡಿಸುತ್ತಾರೆ. ಬಾಯಿಯ ಅಗಲವು ಹದಿನಾಲ್ಕರಿಂದ ಇಪ್ಪತ್ತು ಅಂಗುಲಗಳವರೆಗೂ ಇರುವುದುಂಟು; ಕವಾಟಗಳ ಬಳಿ ಅದೇ ಕೊಳವೆಯು ಮುಕ್ಕಾಲು ಅಂಗುಲದಷ್ಟು ಮಾತ್ರ. ಈ ಎರಡರ ನಡುವೆ ಕೊಳವೆಯು ಎಲ್ಲಿ ಎಷ್ಟು ವೇಗವಾಗಿ ಅಗಲವಾಗಬೇಕೆಂಬುದೇ ಪ್ರತಿಯೊಬ್ಬ ತಯಾರಕನ ವಿವೇಚನೆ. ಟ್ಯೂಬಾದ ಮೃದುವಾದ ದುಂಡುನಾದಕ್ಕೆ ಈ ಅಗಲಿಕೆಯೇ ಕಾರಣ; ಬಹುದೂರ ಒಂದೇ ಅಗಲವಾಗಿರುವ ಟ್ರಾಂಬೋನಿನ ನಾದವು ಅದಕ್ಕಿಂತ ಖಡಕ್ಕಾದದ್ದು.

ಕೊಳವೆಯನ್ನು ಬಗ್ಗಿಸುವಾಗ ಬರಿದಾದ ಕೊಳವೆಯು ನಡುವೆ ಚಪ್ಪಟೆಯಾಗಿಬಿಡುತ್ತದೆ. ನಮ್ಮ ಅಕ್ಕಸಾಲಿಗರು ಪೊಳ್ಳಾದ ಒಡವೆಯು ನೆಗ್ಗದಂತೆ ಒಳಗೆ ಅರಗನ್ನು ತುಂಬುತ್ತಾರಷ್ಟೆ. ಹಾಗೆಯೇ ಇವರು ಕರಗಿದ ರಾಳವನ್ನು ಹೊಯ್ದು, ಅದು ಗಟ್ಟಿಯಾದ ಮೇಲೆ ಕೊಳವೆಯನ್ನು ಬಗ್ಗಿಸಿ, ಮತ್ತೆ ಕಾಯಿಸಿ ರಾಳವನ್ನು ಸುರಿದುಬಿಡುತ್ತಾರೆ. ಸೋಪಿನ ನೀರನ್ನು ತುಂಬಿ ಮಂಜುಗಡ್ಡೆಯಾಗಿಸಿ ಬಗ್ಗಿಸುವ ಕ್ರಮವೂ ಉಂಟು. ಕವಾಟಗಳ ಕೆಲಸವು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಒಳಗಿನ ಉರುಳೆಯು ಹೊರಗಿನ ಗೂಡಿನಲ್ಲಿ ಸಡಿಲವಾಗಿದ್ದರೆ ಉಸಿರು ಸೋರುತ್ತದೆ, ಬಿಗಿಯಾಗಿದ್ದರೆ ಬೆರಳನ್ನು ಎತ್ತಿದರೂ ಮೇಲೇಳದು. ನಡುವಣ ಸಂದು ಕೂದಲೆಳೆಗಿಂತ ಕಡಿಮೆಯಾಗಿರುವಂತೆ ಉಜ್ಜಿ ಉಜ್ಜಿ ಹೊಂದಿಸುತ್ತಾರೆ.

ಇಷ್ಟು ದೊಡ್ಡ ವಾದ್ಯವನ್ನು ಊದುವುದಕ್ಕೆ ದೈತ್ಯಬಲವು ಬೇಕೆಂದು ಜನರು ಭಾವಿಸಿದ್ದುಂಟು. ಹೆಣ್ಣುಮಕ್ಕಳಿಗೆ ಕೊಳಲೋ ಪಿಟೀಲೋ ಸಾಕು, ಇದು ಅವರದ್ದಲ್ಲವೆಂಬ ತೀರ್ಮಾನವೂ ಅದರಿಂದಲೇ ಹುಟ್ಟಿತು. ವಾದ್ಯದ ರಚನೆಯು ಈ ತೀರ್ಮಾನಕ್ಕೆ ಆಧಾರವನ್ನು ಕೊಡುವುದಿಲ್ಲ. ಒತ್ತಡದಿಂದ ಊದಬೇಕಾದದ್ದು ಸಣ್ಣ ತುತ್ತೂರಿಯ ತಾರಸ್ವರಗಳನ್ನು. ಟ್ಯೂಬಾಕ್ಕೆ ಉಸಿರು ಹೇರಳವಾಗಿ ಬೇಕು, ಆದರೆ ಮೆಲ್ಲಗಿನ ಒತ್ತಡವು ಸಾಕು. ಆದುದರಿಂದ ಬೇಕಾದದ್ದು ತೋಳಿನ ಬಲವಲ್ಲ, ಬೇಗನೆ ಪೂರ್ಣವಾಗಿ ಉಸಿರೆಳೆದುಕೊಳ್ಳುವ ಅಭ್ಯಾಸ. ಕಾನ್‌ಸ್ಟನ್ಸ್ ವೆಲ್ಡನ್ ಎಂಬ ಮಹಿಳೆಯು 1955ರಲ್ಲಿ ಬಾಸ್ಟನ್ ಪಾಪ್ಸ್ ಮೇಳದಲ್ಲಿ ಇದನ್ನು ನುಡಿಸಿದರು. 2006ರಲ್ಲಿ ಇನ್ನೂ ವಿದ್ಯಾರ್ಥಿನಿಯಾಗಿದ್ದ ಕ್ಯಾರಲ್ ಜಾಂಟ್ಶ್ ಎಂಬವರು ಫಿಲಡೆಲ್ಫಿಯಾದ ಪ್ರಸಿದ್ಧ ಮೇಳಕ್ಕೆ ಪ್ರಧಾನ ಟ್ಯೂಬಾವಾದಕಿಯಾಗಿ ನೇಮಕಗೊಂಡರು. ವಾದ್ಯವು ಹುಟ್ಟಿ ಆಗಲೇ ನೂರೆಪ್ಪತ್ತೊಂದು ವರ್ಷಗಳಾಗಿದ್ದವು.

ನಮ್ಮ ದೇಶದಲ್ಲಿ ಬ್ಯಾಂಡು ವಾದ್ಯಗಳ ತಯಾರಿಕೆಗೆ ಮೀರತ್ ನಗರದ ಜಾಲಿ ಕೋಠಿ ಎಂಬ ಬೀದಿಯು ಹೆಸರಾದದ್ದು. ಮದುವೆಯ ದಿಬ್ಬಣದಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಸೂಸಾಫೋನ್ ಎಂಬುದು ಟ್ಯೂಬಾದ ತಂಗಿಯೇ. ಅಮೆರಿಕದ ಬ್ಯಾಂಡುನಾಯಕನಾದ ಸೂಸಾ ಎಂಬವನ ಸೂಚನೆಯಂತೆ 1893ರಲ್ಲಿ ಅದನ್ನು ಮೊದಲು ಮಾಡಿದರು. ಜನಸಂದಣಿಯಲ್ಲಿ ತಗಲಿ ಇಂಥ ವಾದ್ಯಗಳು ನೆಗ್ಗುವುದು ಸಾಮಾನ್ಯ. ಕಹಳೆಯ ಬಾಯಿ ನೆಗ್ಗಿದರೆ ನೋಟಕ್ಕೆ ಕೆಟ್ಟದಾಗಿ ಕಂಡರೂ ಶ್ರುತಿಗೆ ಹೆಚ್ಚು ಬಾಧೆಯಿಲ್ಲ. ಬಾಯಿತುಂಡಿಗೆ ಸಮೀಪದ ಕಿರಿದಾದ ಕೊಳವೆಯಲ್ಲಿ ಸಣ್ಣ ನೆಗ್ಗು ಬಿದ್ದರೂ ಕೆಲವು ಸ್ವರಗಳು ಕದಡುತ್ತವೆ. ಅದನ್ನು ಹೊರಗಿನಿಂದ ಎಳೆಯಲಾಗದು. ಕೊಳವೆಯ ಒಳಗಲಕ್ಕೆ ಸರಿಯಾದ ಉಕ್ಕಿನ ಗುಂಡನ್ನು ಆರಿಸಿ, ಒಳಗೆ ಬಿಟ್ಟು, ನೆಗ್ಗಿನ ಅಡಿಗೆ ನೂಕಿ, ಮೇಲಿನಿಂದ ಹಗುರವಾಗಿ ತಟ್ಟುತ್ತ ಬರುತ್ತಾರೆ. ಒಂದು ಗುಂಡು ಸಲೀಸಾಗಿ ಹಾದುಬಂದ ಮೇಲೆ ಅದಕ್ಕಿಂತ ಎಳ್ಳಷ್ಟು ದೊಡ್ಡದಾದ ಇನ್ನೊಂದನ್ನು ಬಿಡುತ್ತಾರೆ.