ಪ್ಲಿಮತ್‌ನ ದೀಪಸ್ತಂಭಗಳೂ ಒಂದು ಹಿಡಿ ಗಾರೆಯೂ

ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಪ್ಲಿಮತ್ ಬಂದರಿನಲ್ಲಿ, ಕಡಲಿಗೆ ಮುಖಮಾಡಿದ ಹುಲ್ಲಿನ ದಿಬ್ಬದ ಮೇಲೆ ಕೆಂಪು-ಬಿಳಿ ಪಟ್ಟೆ ಬಳಿದ ದೀಪಸ್ತಂಭವೊಂದಿದೆ. ಹಡಗುಗಳಿಗೆ ದಾರಿ ತೋರಿಸುವ ಕೆಲಸವನ್ನು ಅದು ಬಿಟ್ಟು ಬಹಳ ಕಾಲವಾಯಿತು. ಮೊದಲು ಅದು ಇದ್ದದ್ದೂ ಇಲ್ಲಲ್ಲ, ಬಂದರಿನಿಂದ ಸುಮಾರು 20 ಕಿ.ಮೀ. ಆಚೆ, ನಡುನೀರಿನ ಎಡಿಸ್ಟೋನ್ ಬಂಡೆಗಳ ಮೇಲೆ. ಭರತದ ಹೊತ್ತಿಗೆ ಬಹುಪಾಲು ಮುಳುಗಿ ಕಣ್ಣಿಗೆ ಬೀಳದ ಈ ಬಂಡೆಗಳಿಗೆ ಎಷ್ಟೋ ಹಡಗುಗಳು ಬಡಿದು ಒಡೆದಿವೆ. ಅಲ್ಲೊಂದು ದೀಪ ನಿಲ್ಲಿಸುವ ಪ್ರಯತ್ನ ನಾಲ್ಕು ಸಲ ನಡೆಯಿತು.

ಮೊದಲು ಕೈಹಾಕಿದ ಹೆನ್ರಿ ವಿನ್‌ಸ್ಟನ್ಲಿ ಎಂಜಿನಿಯರ್ ಆಗಿರಲಿಲ್ಲ. ಚಿತ್ರ ಕೆತ್ತುವ ಕಲಾವಿದ, ಯಾಂತ್ರಿಕ ಚಮತ್ಕಾರಗಳನ್ನು ತೋರಿಸಿ ಹಣ ಮಾಡಿದವನು. ತನ್ನದೇ ಹಡಗುಗಳು ಎಡಿಸ್ಟೋನ್‌ಗೆ ಬಲಿಯಾದ ಮೇಲೆ ಛಲ ಹಿಡಿದು ಹೊರಟ. ಕೆಲಸ ನಡೆಯುತ್ತಿದ್ದಾಗ ಫ್ರೆಂಚರು ಅವನನ್ನು ಬಂಡೆಯ ಮೇಲಿಂದಲೇ ಸೆರೆಹಿಡಿದು ಒಯ್ದರು. ದೀಪ ಬೆಳಗಿದರೆ ಎಲ್ಲ ದೇಶದವರಿಗೂ ಲಾಭವೆಂದು ಬಗೆದ ದೊರೆ ಹದಿನಾಲ್ಕನೇ ಲೂಯಿ ಬಿಟ್ಟು ಕಳಿಸಿದ. 1698ರ ನವೆಂಬರ್‌ನಲ್ಲಿ ದೀಪ ಹತ್ತಿತು. ಅಂದದ ಮೇಲೆ ಬಹಳ ಆಸೆಯಿದ್ದ ವಿನ್‌ಸ್ಟನ್ಲಿ ಗೋಪುರಕ್ಕೆ ಮೂಲೆ, ಜಗಲಿ, ಅಲಂಕಾರ ಎಲ್ಲವನ್ನೂ ಕೊಟ್ಟಿದ್ದ. ಗಾಳಿಗೂ ಅಲೆಗೂ ಅವೇ ಹಿಡಿಕೆಗಳಾದವು. 1703ರ ನವೆಂಬರ್‌ನ ಮಹಾ ಚಂಡಮಾರುತ ಗೋಪುರವನ್ನು ಅಡಿಪಾಯದ ಕಬ್ಬಿಣದ ಸರಳುಗಳಷ್ಟೇ ಉಳಿಯುವಂತೆ ಗುಡಿಸಿಹಾಕಿತು. ದುರಸ್ತಿಗೆಂದು ಹೋಗಿದ್ದ ವಿನ್‌ಸ್ಟನ್ಲಿಯೂ ಆ ರಾತ್ರಿ ಅದರೊಳಗೇ ಇದ್ದ.

ಎರಡನೆಯದನ್ನು ಕಟ್ಟಿದವನು ಜಾನ್ ರಡ್ಯರ್ಡ್ ಎಂಬ ರೇಷ್ಮೆ ವ್ಯಾಪಾರಿ. ಅಲಂಕಾರವನ್ನೆಲ್ಲ ಬಿಟ್ಟು, ಮೇಲೇರಿದಂತೆ ಕಿರಿದಾಗುವ ನುಣುಪಾದ ಶಂಕುವಿನ ಆಕಾರ ಆರಿಸಿಕೊಂಡ. ಬುಡದೊಳಗೆ ಕಲ್ಲಿನ ಭಾರ ತುಂಬಿಸಿ, ಹೊರಗೆ ಹಡಗು ಕಟ್ಟುವವರ ಕೈಯಿಂದ ಮರದ ಹೊದಿಕೆ ಮಾಡಿಸಿದ. ಅದು ಸುಮಾರು 47 ವರ್ಷ ಅಲೆಗಳನ್ನು ಗೆದ್ದು ನಿಂತು, 1755ರ ಡಿಸೆಂಬರ್‌ನಲ್ಲಿ ಬೆಂಕಿಗೆ ಸೋತಿತು. ಛಾವಣಿಯ ಸೀಸ ಕರಗಿ ಸುರಿಯುತ್ತಿದ್ದಾಗ, ನೀರೆರಚಲು ಮೇಲೆ ನೋಡುತ್ತಿದ್ದ 94 ವರ್ಷದ ಕಾವಲುಗಾರ ಹೆನ್ರಿ ಹಾಲ್‌ನ ಬಾಯಿಗೂ ಅದು ಬಿತ್ತು. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು. ಹೊಟ್ಟೆಗೆ ಸೀಸ ಇಳಿದಿದೆ ಎಂದು ಆ ಮುದುಕ ಹೇಳಿದ್ದನ್ನು ವೈದ್ಯರು ನಂಬಲಿಲ್ಲ. ಹನ್ನೆರಡು ದಿನ ಬದುಕಿದ್ದು ಸತ್ತ ಮೇಲೆ ಹೊಟ್ಟೆಯಲ್ಲಿ ಸುಮಾರು 200 ಗ್ರಾಂ ತೂಕದ ಸೀಸದ ಗಟ್ಟಿ ಸಿಕ್ಕಿತು. ಈಗಲೂ ಅದು ಎಡಿನ್‌ಬರೊದ ವಸ್ತುಸಂಗ್ರಹಾಲಯದಲ್ಲಿದೆ.

ಮೂರನೆಯ ಸಲ ಕೆಲಸ ಬಂದದ್ದು ಜಾನ್ ಸ್ಮೀಟನ್ ಕೈಗೆ. ಅಳತೆಯ ಉಪಕರಣಗಳನ್ನು ಮಾಡುವುದರಲ್ಲಿ ಪಳಗಿದವನು; ತನ್ನನ್ನು ಸಿವಿಲ್ ಎಂಜಿನಿಯರ್ ಎಂದು ಕರೆದುಕೊಂಡ ಮೊದಲಿಗರಲ್ಲಿ ಒಬ್ಬ. ಪೂರ್ತಿ ಕಲ್ಲಿನಲ್ಲೇ ಕಟ್ಟುತ್ತೇನೆಂದ. ಬಿರುಗಾಳಿಗೆ ಬಗ್ಗದ ಓಕ್ ಮರದ ಕಾಂಡವನ್ನು ನೋಡಿ, ಬುಡ ಅಗಲವಾಗಿ ಹರಡಿ ಮೇಲೆ ಬಳುಕಿ ಸಣ್ಣಗಾಗುವ ಆಕಾರ ಬರೆದ. ಬುಡದಲ್ಲಿ ಭಾರ ಹೆಚ್ಚಿದಷ್ಟೂ ಗುರುತ್ವಕೇಂದ್ರ ಕೆಳಗಿಳಿಯುತ್ತದೆ, ಉರುಳಿಸುವುದು ಕಷ್ಟ. ಆದರೆ ಅಲೆ ಗೋಪುರವನ್ನು ಇಡಿಯಾಗಿ ಉರುಳಿಸಬೇಕೆಂದೇನೂ ಇಲ್ಲ, ಒಂದು ಕಲ್ಲು ಸಡಿಲಿಸಿದರೂ ಸಾಕು. ಅದಕ್ಕಾಗಿ ಬಡಗಿಗಳು ಪೆಟ್ಟಿಗೆಯ ಮೂಲೆ ಕೂಡಿಸುವ ರೀತಿಯಲ್ಲಿ ಪ್ರತಿ ಕಲ್ಲಿಗೂ ಕಚ್ಚು ಕೊರೆದು, ಪಕ್ಕದ ಕಲ್ಲನ್ನು ಅದು ಬಿಡದೆ ಹಿಡಿಯುವಂತೆ ಮಾಡಿದ. ಕೆಳಗಿನ ವರಸೆಗಳಿಗೆ ಬಂಡೆಯನ್ನೇ ಕೊರೆದು ಕಲ್ಲು ಕೂಡಿಸಿದ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಸಂದಿಗೆ ತುಂಬಿದ ಗಾರೆ. ಸಾಮಾನ್ಯ ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತಾ ಗಟ್ಟಿಯಾಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಗಾಳಿಯೂ ಬೇಕು. ಎಡಿಸ್ಟೋನ್‌ನಲ್ಲಿ ಕೆಲವೇ ಗಂಟೆಗಳಲ್ಲಿ ನೀರು ಏರಿ ಬರುತ್ತಿತ್ತು. ಸ್ಮೀಟನ್ ಬೇರೆ ಬೇರೆ ಊರಿನ ಸುಣ್ಣಕಲ್ಲು ತರಿಸಿ, ಸುಟ್ಟು, ಗಾರೆ ಉಂಡೆ ಕಟ್ಟಿ ನೀರಿಗೆ ಹಾಕಿ ನೋಡಿದ. ಗಟ್ಟಿ ಕಲ್ಲಿನಿಂದ ಗಟ್ಟಿ ಗಾರೆ ಬರುತ್ತದೆ ಎಂಬುದು ಆ ಕಾಲದ ನಂಬಿಕೆ; ಪರೀಕ್ಷೆಯಲ್ಲಿ ಅದು ಸುಳ್ಳಾಯಿತು. ಪ್ಲಿಮತ್‌ನ ರಸಾಯನಜ್ಞ ವಿಲಿಯಂ ಕುಕ್‌ವರ್ದಿಯ ನೆರವಿನಿಂದ ಕಲ್ಲುಗಳನ್ನು ಆಮ್ಲದಲ್ಲಿ ಕರಗಿಸಿದಾಗ ಗುಟ್ಟು ಬಯಲಾಯಿತು. ನೀರಿನಲ್ಲೂ ಗಟ್ಟಿಯಾಗುವ ಗಾರೆ ಕೊಟ್ಟ ಕಲ್ಲುಗಳಲ್ಲಿ ಕರಗದೆ ಉಳಿಯುತ್ತಿದ್ದದ್ದು ಜೇಡಿಮಣ್ಣು! ಎಲ್ಲರೂ ಕಲ್ಮಷವೆಂದು ಮೂಗು ಮುರಿಯುತ್ತಿದ್ದದ್ದೇ ಇಲ್ಲಿ ಕೆಲಸಕ್ಕೆ ಬರುತ್ತಿತ್ತು. ಮಣ್ಣಿನ ಸಿಲಿಕಾ, ಅಲ್ಯೂಮಿನಾಗಳು ಸುಣ್ಣದ ಜೊತೆ ಸುಟ್ಟಾಗ ಆಗುವ ಸಂಯುಕ್ತಗಳು ನೀರಿನೊಡನೆಯೇ ವರ್ತಿಸಿ ಗಟ್ಟಿಯಾಗುತ್ತವೆ, ಗಾಳಿಯ ಹಂಗಿಲ್ಲ. ಕೊನೆಗೆ ವೇಲ್ಸ್‌ನ ಅಬರ್‌ಥಾ ಎಂಬಲ್ಲಿನ ಸುಣ್ಣವನ್ನೂ, ರೋಮನ್ನರು ಬಳಸುತ್ತಿದ್ದ ಇಟಲಿಯ ಜ್ವಾಲಾಮುಖಿ ಬೂದಿಯನ್ನೂ ಸಮಸಮ ಬೆರೆಸಿದ. ಇಂದಿನ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹೆಸರಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಆ ದಾರಿಯ ಮೊದಲ ದೊಡ್ಡ ಹೆಜ್ಜೆ ಸ್ಮೀಟನ್‌ನ ಈ ಪರೀಕ್ಷೆ.

ನಮ್ಮಲ್ಲೂ ಇದೇ ರಸಾಯನಶಾಸ್ತ್ರ ಬೇರೆ ಹೆಸರಿನಲ್ಲಿ ಬಳಕೆಯಲ್ಲಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಸುರ್ಕಿ ಗಾರೆ, ಅಂದರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ. ಇಟಲಿಯಲ್ಲಿ ಜ್ವಾಲಾಮುಖಿ ಸುಟ್ಟುಕೊಟ್ಟದ್ದನ್ನು ಇಲ್ಲಿ ಇಟ್ಟಿಗೆ ಗೂಡು ಸುಟ್ಟುಕೊಟ್ಟಿತು.

ಸ್ಮೀಟನ್‌ನ ದೀಪ 1759ರ ಅಕ್ಟೋಬರ್ 16ರಂದು ಹತ್ತಿತು. ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿ ಕಟ್ಟಿದ ಗೋಪುರದ ತುದಿಯಲ್ಲಿ ಉರಿದದ್ದು 24 ಮೇಣದಬತ್ತಿ ಮಾತ್ರ! ಎಣ್ಣೆ ದೀಪ, ಪ್ರತಿಫಲಕಗಳು ಬಂದದ್ದು ಮುಂದಿನ ಶತಮಾನದಲ್ಲಿ.

ಶತಮಾನ ಕಳೆದ ಮೇಲೆ, ದೊಡ್ಡ ಅಲೆ ಬಡಿದಾಗ ಗೋಪುರ ನಡುಗತೊಡಗಿತು. ಪರೀಕ್ಷಿಸಿದರೆ ಗೋಪುರದಲ್ಲಿ ದೋಷವಿರಲಿಲ್ಲ, ಅದು ಕೂತ ಬಂಡೆಯನ್ನೇ ಕಡಲು ಬುಡದಿಂದ ಕೊರೆದು ತಿನ್ನುತ್ತಿತ್ತು. ಹೀಗಾಗಿ ಜೇಮ್ಸ್ ಡಗ್ಲಸ್ ಪಕ್ಕದ ಬಂಡೆಯ ಮೇಲೆ ನಾಲ್ಕನೆಯದನ್ನು ಕಟ್ಟಿದ. ಸ್ಮೀಟನ್‌ನ ಆಕಾರದಲ್ಲಿದ್ದ ಒಂದು ಕುಂದನ್ನೂ ತಿದ್ದಿದ. ಹರಡಿದ ಬುಡದ ಇಳಿಜಾರು ಹಿಡಿದು ಅಲೆ ದೀಪದ ಕೋಣೆಯವರೆಗೂ ಹತ್ತುತ್ತಿತ್ತು. ಡಗ್ಲಸ್ ಬುಡವನ್ನು ನೇರ ಗೋಡೆಯ ಸಿಲಿಂಡರಿನಂತೆ ಕಟ್ಟಿದ್ದರಿಂದ ಅಲೆ ಅಲ್ಲೇ ಬಡಿದು ಚೂರಾಗುತ್ತದೆ. 1882ರಲ್ಲಿ ಬೆಳಗಿದ ಈ 49 ಮೀಟರ್ ಎತ್ತರದ ಗೋಪುರ ಇಂದಿಗೂ ಕೆಲಸದಲ್ಲಿದೆ. 1982ರಿಂದ ಅಲ್ಲಿ ಕಾವಲುಗಾರರಿಲ್ಲ. ದೀಪದ ನೆತ್ತಿಯ ಮೇಲೆ ಹೆಲಿಕಾಪ್ಟರ್ ಇಳಿಯುವ ಕಟ್ಟೆ ಇದೆ.

ಹಳೆಯದನ್ನು ಒಡೆದುಹಾಕಲು ಪ್ಲಿಮತ್ ಜನ ಬಿಡಲಿಲ್ಲ. ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು, ಹೊಸ ಬುಡದ ಮೇಲೆ ಜೋಡಿಸಿ, 1884ರಲ್ಲಿ ಸಾರ್ವಜನಿಕರಿಗೆ ತೆರೆದರು. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಆ ಕಡೆ ಹೋದರೆ 93 ಮೆಟ್ಟಿಲು ಹತ್ತಿ ನೋಡಬಹುದು. ತಿಳಿಯಾದ ದಿನ ಮೇಲಿಂದ ಡಗ್ಲಸ್‌ನ ಗೋಪುರವೂ ಕಾಣುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ದಿಬ್ಬದ ಮೇಲಿನ ಕಲ್ಲುಗಳನ್ನು ಮರುಜೋಡಿಸಿದ್ದು ನಂತರದವರು. ಸ್ಮೀಟನ್ ಕಾಲದ ಗಾರೆ ಹಾಕಿದಲ್ಲೇ ಉಳಿದಿರುವುದು ಬಿಚ್ಚದೆ ಬಿಟ್ಟುಬಂದ ಬುಡದಲ್ಲಿ. ಡಗ್ಲಸ್‌ನ ಗೋಪುರದ ಪಕ್ಕ ಮೋಟುಮರದಂತೆ ಕಾಣುವ ಆ ಬುಡವನ್ನು ಹತ್ತಿರದಿಂದ ನೋಡಬೇಕಾದರೆ ದೋಣಿ ಹತ್ತಲೇಬೇಕು.