‘ಚಿಕ್ಕ ಮಗು, ಮರೆತುಬಿಡುತ್ತೆ’ ಎನ್ನುವುದು ನಿಜವೇ?

ಮಗು ಪೆಟ್ಟು ತಿಂದಾಗ ಅಥವಾ ಅದಕ್ಕಿಂತ ಕೆಟ್ಟದ್ದೇನೋ ನಡೆದಾಗ ಹಿರಿಯರು ಹೇಳುವ ಮಾತಿದು: ‘ಚಿಕ್ಕದು, ನಾಳೆ ಮರೆತುಬಿಡುತ್ತೆ’. ಘಟನೆ ಮರೆತುಹೋಗಬಹುದು. ಅದರ ಪರಿಣಾಮ ಮಾತ್ರ ಮೈಮನಸ್ಸಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು.

ಇದು ಎಷ್ಟು ಸಾಮಾನ್ಯ?

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಅದಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯಲ್ಲಿ ಹೊಡೆಸಿಕೊಂಡವರ ಪೈಕಿ ಬಹುಪಾಲು ಮಕ್ಕಳಿಗೆ ಹೊಡೆದವರು ಹೆತ್ತವರೇ. ಶೇ. 53ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು! ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ‘ಅಪರಿಚಿತರಿಂದ ದೂರವಿರು’ ಎಂಬ ಬುದ್ಧಿಮಾತೊಂದೇ ಸಾಲದು ಎನ್ನುವುದು ಇದಕ್ಕೇ.

ಮುಂದೇನಾಗುತ್ತದೆ?

ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 9,508 ವಯಸ್ಕರ ಬಾಲ್ಯದ ಬಗ್ಗೆ ವಿಚಾರಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವ ಆದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಯತ್ನಗಳ ಸಾಧ್ಯತೆ 4ರಿಂದ 12 ಪಟ್ಟು ಹೆಚ್ಚಿತ್ತು. ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳೂ ಹೆಚ್ಚಾಗಿದ್ದವು.

ಕಾರಣವೇನು? ಭಯವಾದಾಗ ದೇಹದಲ್ಲಿ ಕಾರ್ಟಿಸಾಲ್‌ನಂತಹ ಹಾರ್ಮೋನುಗಳು ಏರುತ್ತವೆ, ಅಪಾಯ ಕಳೆದ ಮೇಲೆ ಇಳಿಯುತ್ತವೆ. ಭಯವೇ ದಿನಚರಿಯಾದರೆ ಈ ವ್ಯವಸ್ಥೆ ಹದ ತಪ್ಪಿ, ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಬೀಳುತ್ತದೆ. ನೋವು ಮರೆಯಲು ಹಿಡಿದ ಬೀಡಿ, ಬಾಟಲಿ ಉಳಿದ ಹಾನಿ ಮಾಡುತ್ತವೆ.

ಹೊಡೆಯದಿದ್ದರೆ ಸಾಕೇ?

ಸಾಲದು. ರೊಮೇನಿಯಾದ ಅನಾಥಾಲಯಗಳಲ್ಲಿ ಮಕ್ಕಳಿಗೆ ಊಟ, ಹಾಸಿಗೆ ಇತ್ತು. ಎತ್ತಿಕೊಂಡು ಮಾತನಾಡಿಸುವವರು ಇರಲಿಲ್ಲ. ಬುಕಾರೆಸ್ಟ್‌ನಲ್ಲಿ ಅಂಥ 136 ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿ ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದರು. ಮನೆ ಸೇರಿದ ಮಕ್ಕಳ ಬುದ್ಧಿಶಕ್ತಿ ಸುಧಾರಿಸಿತು. ಎರಡು ವರ್ಷ ತುಂಬುವ ಮೊದಲೇ ಸೇರಿದವರಿಗೆ ಹೆಚ್ಚು ಲಾಭವಾಯಿತು.

ಹಾಗಾದರೆ ನೊಂದ ಮಗುವಿನ ಹಣೆಬರಹ ಇಷ್ಟೇನಾ? ಖಂಡಿತ ಅಲ್ಲ. ಮೇಲಿನ ಅಂಕಿಗಳು ಹೇಳುವುದು ಅಪಾಯದ ಸಾಧ್ಯತೆಯನ್ನು, ಭವಿಷ್ಯವನ್ನಲ್ಲ. ಮಗುವಿನ ಜೊತೆ ಗಟ್ಟಿಯಾಗಿ ನಿಲ್ಲುವ ಒಬ್ಬ ಹಿರಿಯರಿದ್ದರೂ ಚೇತರಿಕೆ ಸುಲಭವಾಗುತ್ತದೆ.

ನಾವೇನು ಮಾಡಬಹುದು?

ಮಗು ಹೇಳಿಕೊಂಡರೆ ಗದರಿಸದೆ ಕೇಳಿ, ನಂಬಿ. ‘ನಿನ್ನ ತಪ್ಪಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಸಹಾಯಕ್ಕೆ 1098ಕ್ಕೆ ಉಚಿತವಾಗಿ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ‘ಮನೆ ಮರ್ಯಾದೆ’ಗೆ ಅಂಜಿ ಸುಮ್ಮನಿದ್ದರೆ ರಕ್ಷಣೆ ಸಿಗುವುದು ಮಗುವಿಗಲ್ಲ, ಹಿಂಸಿಸಿದವರಿಗೆ.